ಒಕ್‌ಬುನ್ ಅಕ್ಕ ಆರಿಸಿದ ಚಿಪ್

ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ, ಎಲೆಕ್ಟ್ರಾನಿಕ್ಸ್ ಅಂಗಡಿಗಳೇ ತುಂಬಿರುವ ಸೆಉನ್ ಸಂಗ್ಗಾ ಕಟ್ಟಡದ ಮೂರನೆಯ ಮಹಡಿಯಲ್ಲಿ ಗು ಒಕ್‌ಬುನ್ ಅಕ್ಕ ನಲವತ್ತು ವರ್ಷದಿಂದ ಆಂಪ್ಲಿಫೈಯರ್ ರಿಪೇರಿ ಮಾಡುತ್ತಾಳೆ. ಹತ್ತೊಂಬತ್ತನೇ ವಯಸ್ಸಿಗೆ ರೇಡಿಯೊ ಕಾರ್ಖಾನೆ ಬಿಟ್ಟು ಬಂದವಳು. ಕೆಳಗಿನ ಮಹಡಿಯಲ್ಲಿ ಚಿಪ್ ಮಾರುವವನು ನಾನು.

ಒಂದು ಶನಿವಾರ ಬೆಳಿಗ್ಗೆ ಹತ್ತೂವರೆಗೆ, ಮದುವೆ ಮಂಟಪದ ಮೈಕು ನೋಡಿಕೊಳ್ಳುವ ಪ್ಯೋ ಸೌಂಡ್ ಮಿಕ್ಸರ್ ಹೊತ್ತು ಅಕ್ಕನ ಅಂಗಡಿಗೆ ಓಡಿಬಂದ. ಆಗ ನಾನೂ ಅಲ್ಲೇ ಇದ್ದೆ. ಹಿಂದಿನ ದಿನ ಅದರ ಆಪ್‌ಆಂಪ್, ಅಂದರೆ ಸದ್ದು ಹಿಗ್ಗಿಸುವ ಎಂಟು ಕಾಲಿನ ಚಿಪ್, ಸುಟ್ಟುಹೋಗಿತ್ತು. ನನ್ನಿಂದಲೇ ಹೊಸದು ಕೊಂಡು ಹಾಕಿದ್ದ. ಈಗ ಹಾಡು ಒಡೆದು ಬರುತ್ತಿತ್ತು.

"ಹನ್ನೆರಡಕ್ಕೆ ಮದುವೆ ಅಕ್ಕಾ. ಇದು ಕೈಕೊಟ್ರೆ ನನ್ನ ಕೆಲಸ ಹೋಯ್ತು!"

"ನನ್ನ ಚಿಪ್ ಅಸಲಿ! ಇವನೇ ಬೆಸುಗೆ ಕೆಡಿಸಿದಾನೆ" ಎಂದು ನಾನು ಕೂಗಾಡಿದೆ.

"ಬಾಯ್ ಮುಚ್ಚೋ!" ಎಂದು ಅಕ್ಕ ನನಗೆ ಗದರಿದಳು.

ಚಿಪ್ ಮೇಲೆ ಬೆರಳಿಟ್ಟು, ಬಿಸಿ ತಾಗಿ ತಟ್ಟನೆ ಬೆರಳು ತೆಗೆದಳು. ಹಾಡು ನಿಲ್ಲಿಸಿ, ವಿದ್ಯುತ್ ಅಲೆಯನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ಹಚ್ಚಿದಳು. ಪರದೆಯಲ್ಲಿ ಸಣ್ಣ ಗೆರೆ ಇರಬೇಕಾದಲ್ಲಿ ದಪ್ಪ ಪಟ್ಟಿ ಮೂಡಿತು. ಹಾಡಿಲ್ಲದಿದ್ದರೂ ಚಿಪ್ ಕಿವಿಗೆ ಕೇಳದಷ್ಟು ವೇಗದಲ್ಲಿ ತಾನೇ ಕಂಪಿಸುತ್ತಿತ್ತು.

"ಚಿಪ್ ಅಸಲಿನೇ, ಬೆಸುಗೆನೂ ಸರಿ ಇದೆ. ಆದ್ರೆ ಹಳೇ ಬೋರ್ಡಲ್ಲಿ ಚುರುಕಿನ ಚಿಪ್ ಹಿಡಿತಕ್ಕೆ ಸಿಗದೆ ಹೀಗೆ ಕುಣಿಯುತ್ತೆ. ಇಷ್ಟು ಚುರುಕಿನದು ಯಾಕೆ ಕೊಟ್ಟೆ?"

"ಒಳ್ಳೇದು ಬೇಕು ಅಂದ. ಇರೋದ್ರಲ್ಲೇ ದುಬಾರಿದು ಕೊಟ್ಟೆ."

"ಯಾವುದಕ್ಕೆ ಅಂತ ಕೇಳಿದ್ಯಾ?"

ಕೇಳಿರಲಿಲ್ಲ.

ಅಕ್ಕ ಖಾಲಿ ಚಹಾ ಡಬ್ಬಿಯಿಂದ ಅದೇ ಜೋಡಣೆಯ ಕಾಲುಗಳಿದ್ದ, ನಿಧಾನದ ಹಳೆಯ ಚಿಪ್ ಆರಿಸಿ ಬೆಸೆದಳು. ಪ್ಯೋ ಗಡಿಯಾರ ನೋಡುತ್ತ ಉಗುರು ಕಚ್ಚುತ್ತಿದ್ದ. ಪಟ್ಟಿ ಸಣ್ಣ ಗೆರೆಯಾಯಿತು. ಹಾಡು ಹಾಕಿದರೆ, ಒಡಕೇ ಇಲ್ಲ.

"ಇನ್ನೂ ನಲವತ್ತು ನಿಮಿಷ ಇದೆ, ಓಡು" ಎಂದು ಪ್ಯೋಗೆ ಹೇಳಿ, ಅಕ್ಕ ನನ್ನತ್ತ ತಿರುಗಿದಳು. "ಕೇಳದೆ ಕೊಟ್ಟವನು ನೀನು. ಮಿಕ್ಸರ್ ನೀನೇ ಹೊತ್ಕೋ."

ಮಿಕ್ಸರ್ ಹೊತ್ತು ಪ್ಯೋನ ಹಿಂದೆ ಮೆಟ್ಟಿಲಿಳಿದೆ.