ಫರೀದಾಬಾದಿನ ಅನುಮಾನ

ಫರೀದಾಬಾದಿಗೆ ಬಂದ ಮೂರನೇ ವಾರ, ನಾನು ಕೆಲಸಕ್ಕೆ ಸೇರಿದ್ದ ಫ್ಯಾಕ್ಟರಿಯ ಗೇಟಿಗೆ ಬೀಗ ಬಿದ್ದಿತ್ತು. ಬೆಂಕಿ ಕಾಯಿಸಿಕೊಳ್ಳುತ್ತಾ ಕೂತಿದ್ದ ಕಾವಲುಗಾರ ನನ್ನನ್ನು ಹುಚ್ಚಿಯನ್ನು ನೋಡಿದಂತೆ ನೋಡಿದ. ಹಿಂದಿನ ದಿನ ನೋಟಿಸ್ ಬೋರ್ಡಿನಲ್ಲಿ ‘ಕಲ್ ಅವಕಾಶ್ ರಹೇಗಾ’ ಎಂದಿದ್ದನ್ನು ನಾನೇ ಓದಿದ್ದೆ. ನಾಳೆ ಏನೋ ಒಳ್ಳೆಯ ಅವಕಾಶವಿದೆ, ಬಡ್ತಿಯೇ ಇರಬಹುದು ಎಂದುಕೊಂಡು ಇಸ್ತ್ರಿ ಮಾಡಿದ ಚೂಡಿದಾರ ತೊಟ್ಟು ಬಂದಿದ್ದೆ. ಹಿಂದಿಯಲ್ಲಿ ಅವಕಾಶ್ ಎಂದರೆ ರಜೆಯಂತೆ.

ಅಷ್ಟಕ್ಕೆಲ್ಲ ಬುದ್ಧಿ ಕಲಿಯುವವಳು ನಾನಲ್ಲ. ಗದಗಿನ ಹೈಸ್ಕೂಲಿನಲ್ಲಿ ಕಲಿತ ಹಿಂದಿ ಎಲ್ಲಿ ಕೈಕೊಡುತ್ತದೋ ಅಲ್ಲಿ ಕನ್ನಡದ ಪದವೊಂದರ ಬಾಲ ಕತ್ತರಿಸಿ ಸೇರಿಸುತ್ತಿದ್ದೆ. ಹತ್ತರಲ್ಲಿ ಎಂಟು ಸಲ ಗೆಲ್ಲುತ್ತಿದ್ದೆ. ಮನೆ ಮಾಲೀಕರ ಜೊತೆ ಜಗಳವಾಡಿ ನೀರಿನ ಮೋಟರು ರಿಪೇರಿ ಮಾಡಿಸಿದ್ದು ಇದೇ ಹಿಂದಿಯಿಂದ. ಊರಲ್ಲಿ ಕೊತ್ತಂಬರಿಗೂ ಚೌಕಾಸಿ ಮಾಡಬೇಕು. ಇಲ್ಲಿ ತರಕಾರಿ ಭಯ್ಯಾ ಅದನ್ನು ಕೊಸರಾಗಿ ಸುಮ್ಮನೆ ಚೀಲಕ್ಕೆ ಹಾಕುತ್ತಾನೆ. ಆದರೆ ಜೋಳದ ಹಿಟ್ಟು ಕೇಳಿದರೆ ‘ಶುಗರ್ ಹೈ ಕ್ಯಾ?’ ಎಂದು ಮರುಕ ತೋರಿಸುತ್ತಾರೆ. ರೊಟ್ಟಿ ತಿಂದು ಬೆಳೆದವಳಿಗೆ ಸಕ್ಕರೆ ಕಾಯಿಲೆಯ ಪಟ್ಟ.

ನಾನು ಬಸುರಿಯಾಗಿ ಐದನೇ ತಿಂಗಳಲ್ಲಿ ಆಸ್ಪತ್ರೆಯಲ್ಲಿ ಸ್ಕ್ಯಾನ್ ಬರೆದುಕೊಟ್ಟರು. ಕೂಸಿನ ತಲೆಯಿಂದ ಪಾದದವರೆಗೆ ಒಂದೊಂದೇ ಅಂಗ ಪರೀಕ್ಷಿಸುವ ಸ್ಕ್ಯಾನ್, ಎಲ್ಲ ಬಸುರಿಯರಿಗೂ ಮಾಡುವುದೇ. ನನಗೆ ಮಾತ್ರ ಅದು ಬರೀ ರೂಢಿಯ ಪರೀಕ್ಷೆಯಾಗಿರಲಿಲ್ಲ. ನನ್ನ ಅಕ್ಕನ ಮಗು ಹೃದಯದ ತೊಂದರೆಯಿಂದ ಹುಟ್ಟಿದ ಹನ್ನೊಂದನೇ ದಿನ ಹೋಗಿತ್ತು. ಅಂದಿನಿಂದ ಅವ್ವ ಯಾರ ಮನೆಯ ತೊಟ್ಟಿಲ ಕಾರ್ಯಕ್ಕೂ ಹೋಗಿಲ್ಲ. ನಾನು ಬಸುರಿ ಎಂದಾಗಲೂ ‘ಹೂಂ, ಹುಷಾರು’ ಎಂದಷ್ಟೇ ಹೇಳಿ ಫೋನಿಟ್ಟಿದ್ದಳು.

ಸ್ಕ್ಯಾನ್ ಮಾಡಿದವರು ತಲೆ ನರೆತ ಡಾಕ್ಟರಮ್ಮ. ಹೊಟ್ಟೆಯ ಮೇಲೆ ತಣ್ಣಗಿನ ಜೆಲ್ ಹಚ್ಚಿ ತಲೆ, ಬೆನ್ನುಮೂಳೆ, ಕಾಲು ಎಲ್ಲ ಅಳೆದರು. ಎದೆಗೆ ಬಂದಾಗ ತಡವರಿಸಿದರು. ಕೂಸು ನಮಗೆ ಬೆನ್ನು ಹಾಕಿ ಮಲಗಿತ್ತು. ಪಕ್ಕದಲ್ಲಿ ಟೈಪು ಮಾಡುತ್ತಿದ್ದ ಹುಡುಗಿಗೆ ಹೇಳಿದರು: “ದಿಲ್ ಬಾದ್ ಮೇಂ ದೇಖೇಂಗೇ. ಅನುಮಾನ್ ಲಿಖ್ ದೋ.”

ಹೃದಯ ಆಮೇಲೆ ನೋಡೋಣ, ಅನುಮಾನ ಅಂತ ಬರಿ.

“ಅರ್ಧ ಗಂಟೆ ಓಡಾಡಿ, ಜ್ಯೂಸ್ ಕುಡಿದು ಬಾ, ಮಗು ತಿರುಗುತ್ತದೆ” ಎಂದು ಅವರು ಹಿಂದಿಯಲ್ಲಿ ಹೇಳಿದ್ದು ಎಲ್ಲೋ ದೂರದಿಂದ ಕೇಳಿಸಿತು.

ಹೊರಗೆ ಕಾಯುತ್ತಿದ್ದ ನನ್ನ ಗಂಡ ಮಂಜು, ನನ್ನ ಮುಖ ನೋಡಿಯೇ ಎದ್ದುನಿಂತ.

“ಏನಂದ್ರು?”

“ಅನುಮಾನ ಅಂತ ಬರೆಸಿದ್ರು ರೀ. ಹಾರ್ಟಿಂದು.”

ಅವನೂ ಕನ್ನಡದವನೇ. ಅವನಿಗೂ ಅದೇ ಅರ್ಥವಾಯಿತು. ಇಬ್ಬರೂ ಆ ವರಾಂಡದಲ್ಲಿ ಅತ್ತಿಂದಿತ್ತ ನಡೆದೆವು. ಅವನು ತಂದ ಮಾವಿನ ಜ್ಯೂಸನ್ನು ಔಷಧಿಯಂತೆ ಕುಡಿದೆ. ದೇವರೇ, ಅವ್ವನಿಗೆ ಇನ್ನೊಂದು ಸಲ ಇದನ್ನು ಹೇಗೆ ಹೇಳಲಿ ಎಂಬುದೊಂದೇ ಯೋಚನೆ.

ಅಷ್ಟು ಹೊತ್ತಿಗೆ ನನಗೆ ಸಿಟ್ಟು ಬಂತು. ಫ್ಯಾಕ್ಟರಿಯಲ್ಲಿ ನನ್ನ ಕೆಲಸವೇ ತಪಾಸಣೆ. ಬೇರಿಂಗ್ ಅಳೆದು ಪಾಸು ಅನ್ನುತ್ತೇನೆ, ಇಲ್ಲ ರಿಜೆಕ್ಟು ಅನ್ನುತ್ತೇನೆ. ಅನುಮಾನ ಎಂದು ಬರೆದು ಯಾವತ್ತೂ ಕೈತೊಳೆದುಕೊಂಡಿಲ್ಲ. ಮತ್ತೆ ಒಳಗೆ ಹೋದವಳು ಮಲಗುವ ಮೊದಲೇ ಕೇಳಿದೆ: “ಮೇಡಂ, ಅನುಮಾನ್ ಕ್ಯಾ ಹೈ? ಸಾಫ್ ಬತಾಯಿಯೇ.”

ಅವರಿಗೆ ಗೊಂದಲ. “ಅನುಮಾನ್? ವಜನ್ ಕಾ. ಸಾಢೇ ತೀನ್ ಸೌ ಗ್ರಾಮ್.”

ತೂಕದ್ದು. ಮುನ್ನೂರೈವತ್ತು ಗ್ರಾಂ. ನಾನು ಬೆಪ್ಪಾಗಿ ನಿಂತದ್ದನ್ನು ನೋಡಿ ಬಿಡಿಸಿ ಹೇಳಿದರು: “ಅನುಮಾನ್, ಬೇಟಾ. ಅಂದಾಜ್.”

ಅಂದಾಜು! ಆ ಒಂದು ಪದ ನಮ್ಮಲ್ಲಿಯೂ ಅದೇ, ಅವರಲ್ಲಿಯೂ ಅದೇ. ನಮ್ಮ ಭಾಷೆಯಲ್ಲಿ ಅನುಮಾನ ಎಂದರೆ ಸಂಶಯ ಎಂದು ನಾನು ಹೇಳಿದೆ. ಅಕ್ಕನ ಕೂಸಿನ ಸುದ್ದಿಯನ್ನೂ ಹೇಳಿದೆ. ಹೇಳುತ್ತಾ ಅತ್ತುಬಿಟ್ಟೆ. ಅವರು ಪರದೆಯನ್ನು ಪೂರ್ತಿ ನನ್ನ ಕಡೆ ತಿರುಗಿಸಿದರು, ಮಂಜುವನ್ನೂ ಒಳಗೆ ಕರೆಸಿದರು.

ಕೂಸು ತಿರುಗಿತ್ತು. ಹೆಬ್ಬೆರಳಿನ ತುದಿಯಷ್ಟು ಜಾಗದಲ್ಲಿ ಅದರ ಹೃದಯ ಪಟಪಟ ಬಡಿಯುತ್ತಿತ್ತು. ಡಾಕ್ಟರು ಬೆರಳಿಟ್ಟು ತೋರಿಸಿದರು: “ಚಾರ್ ಖಾನೇ. ಏಕ್, ದೋ, ತೀನ್, ಚಾರ್.” ನಾನು ಒಂದು, ಎರಡು, ಮೂರು, ನಾಲ್ಕು ಎಂದು ಗಟ್ಟಿಯಾಗಿ ಎಣಿಸಿದೆ. ನಾಲ್ಕೂ ಕೋಣೆ, ನಡುವಿನ ಗೋಡೆ, ರಕ್ತದ ದಾರಿ, ಒಂದೊಂದನ್ನೂ ಮತ್ತೆ ಕೇಳಿ ನೋಡಿದೆ. ಸ್ಕ್ಯಾನಿನಲ್ಲಿ ಎಲ್ಲವೂ ಕಾಣುವುದಿಲ್ಲ, ಆದರೆ ಕಾಣುವುದೆಲ್ಲ ಸರಿಯಾಗಿದೆ ಎಂದರು. ಬದುಕಿನಲ್ಲಿ ಇಂಥ ಪಾಸು ನಾನು ಇನ್ನೊಂದು ಕಂಡಿಲ್ಲ. ಗೆದ್ದೆ ಅನ್ನಿಸಿತು, ಇಡೀ ಫರೀದಾಬಾದಿಗೆ ಪೇಢಾ ಹಂಚಬೇಕು ಅನ್ನಿಸಿತು.

ಹೊರಗೆ ಬಂದು ಅವ್ವನಿಗೆ ಫೋನು ಹಚ್ಚಿದೆ.

“ಅವ್ವಾ, ಕೂಸಿನ ಎದಿ ಛಲೋ ಐತಿ. ಕಣ್ಣಾರೆ ನೋಡಿದೆ.”

ಆ ಕಡೆಯಿಂದ ಮೂಗು ಒರೆಸಿಕೊಂಡ ಸಪ್ಪಳ. “ಏಳನೇ ತಿಂಗಳಿಗೆ ಬಂದುಬಿಡವಾ, ಬಾಣಂತನ ನಾ ಮಾಡ್ತೀನಿ” ಎಂದಳು. ಇಷ್ಟು ದಿನ ನಾನು ಕಾದಿದ್ದ ಮಾತು ಅದು. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದೇ ನಮ್ಮ ಪದ್ಧತಿ. ಗದಗಿನ ನಮ್ಮ ಹಜಾರ ಕಣ್ಣ ಮುಂದೆ ಬಂತು. ಆದರೆ ಕೂಸಿನ ಎದೆಯನ್ನು ಮೊದಲು ಕಂಡ ಡಾಕ್ಟರು ಇಲ್ಲಿದ್ದರು. ನನ್ನ ಬಾಯಿಂದಲೇ ಇಂಥ ಮಾತು ಬರುತ್ತದೆಂದು ನನಗೂ ಗೊತ್ತಿರಲಿಲ್ಲ.

“ನೀನ ಇಲ್ಲಿಗೆ ಬಾರವ್ವಾ.”

“ಅಯ್ಯ, ನನಗ ಹಿಂದಿ ಬರೂದಿಲ್ಲಲ್ಲ.”

“ನನಗರ ಎಲ್ಲಿ ಬರತೈತಿ? ಬಾ ನೀ.”