ಅವಳ ಹೆಸರಿನಲ್ಲಿ ನಾನು ಒತ್ತಿದ ಒಪ್ಪಿಗೆ

…ಲ್ಯಾಪ್‌ಟಾಪ್ ಅವಳದೇ ಇರಬೇಕು. ನನ್ನದಾಗಿದ್ದರೆ ಅದರಲ್ಲಿ ಅವಳ ಖಾತೆ ತೆರೆದಿರುವುದು ಹೇಗೆ? ಅಂದು ಶನಿವಾರ ಎಂದು ನೆನಪು — ನನ್ನ ನೆನಪನ್ನು ನಂಬಬೇಡಿ. ಒತ್ತಿದವನು ನಾನು, ಅದೊಂದು ಖಚಿತ. ಮಾಲಿನಿಯ ಹೆಸರಿನಲ್ಲಿ ಒಪ್ಪಿಗೆ ಒತ್ತಿದೆ. ಆಮೇಲೆ, ಒತ್ತಿದ್ದು ನೀನೇ ಎಂದು ಅವಳನ್ನೇ ನಂಬಿಸಿದೆ.

ಗವಿಪುರದ ಅವಳ ಮನೆಯ ಮುಂದಿನ ಕೋಣೆಯಲ್ಲಿ ಕುಳಿತು ನಾವಿಬ್ಬರೂ ಒಂದು ಸಣ್ಣ ಸ್ಪಿನ್ನರ್ ಲೈಬ್ರರಿಯನ್ನು, ಎಂದರೆ ಯಾರು ಬೇಕಾದರೂ ತಮ್ಮ ಪ್ರೋಗ್ರಾಮಿಗೆ ಸೇರಿಸಿಕೊಳ್ಳಬಹುದಾದ ಸಿದ್ಧ ಕೋಡನ್ನು, ನೋಡಿಕೊಳ್ಳುತ್ತಿದ್ದೆವು. ಪ್ರೋಗ್ರಾಂ ಓಡುತ್ತಿರುವಷ್ಟು ಹೊತ್ತು ಟರ್ಮಿನಲ್‌ನ ಕಪ್ಪು ಪರದೆಯಲ್ಲಿ ಒಂದು ಪುಟ್ಟ ಗುರುತು ತಿರುಗುತ್ತದೆ, ಪಕ್ಕದಲ್ಲಿ ‘ಸ್ವಲ್ಪ ಕಾಯಿರಿ’ ಎಂಬಂಥ ಒಂದು ಸಾಲು — ಅಷ್ಟೇ. ಆ ಸಾಲು ಕನ್ನಡದಲ್ಲಿದ್ದರೆ, ನಾವು ಕೋಡ್ ಬರೆಯುವ ಭಾಷೆಯಾದ ಪೈಥಾನ್‌ನ ಹಳೆಯ ಆವೃತ್ತಿಯಲ್ಲಿ ಅಕ್ಷರಗಳ ಬದಲು ಕಸ ಕಾಣುತ್ತಿತ್ತು; ಹಳೆಯದು ಪಠ್ಯವನ್ನು ಇಟ್ಟುಕೊಳ್ಳುವ ರೀತಿ ಬೇರೆ, ಹೊಸದರ ರೀತಿ ಬೇರೆ. ಎರಡಕ್ಕೂ ಒಗ್ಗಲೆಂದು ನಾನು ಆರು ಸಾಲು ಕೋಡ್ ಬರೆದಿದ್ದೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಎರಡೂ ಆವೃತ್ತಿಗಳಲ್ಲಿ ಓಡಿಸಿ ನೋಡಿ ತಮ್ಮ ಖಾತೆಯಿಂದ ಒಪ್ಪಿಗೆಯ ಗುಂಡಿ ಒತ್ತಬೇಕು, ಅದು ನಮ್ಮ ನಿಯಮ. ಒಪ್ಪಿದವರ ಹೆಸರು ಎಲ್ಲರಿಗೂ ಕಾಣುವಂತೆ ದಾಖಲೆಯಲ್ಲಿ ಉಳಿಯುತ್ತದೆ.

“ಹಳೇದ್ರಲ್ಲಿ ಓಡಿಸ್ದೆ ನಾನು ಒತ್ತಲ್ಲ ಗುರು,” ಎಂದಳು ಮಾಲಿನಿ.

“ಹೊಸದ್ರಲ್ಲಿ ಚೆನ್ನಾಗೇ ಓಡ್ತಿದೆ ಕಣೆ. ಮೂರು ಗಂಟೆಗೆ ಶೇಷಾದ್ರಿಪುರಂ ಕಾಲೇಜಲ್ಲಿ ತೋರಿಸ್ಬೇಕು.”

“ತೋರಿಸ್ಕೊ. ಇನ್ನೂ ಬಿಡುಗಡೆ ಆಗಿಲ್ಲ ಅನ್ನು. ಮಾನ ಏನೂ ಹೋಗಲ್ಲ.”

ಒಳಗಿನಿಂದ ಅವಳ ತಾಯಿ ಕೂಗಿದರು. “ಯಾರೇ ಬಂದಿರೋದು?”

“ನಾಗೇಶ, ಅಮ್ಮ.”

“ಊಟ ಮಾಡಿದ್ನಾ?”

“ಮಾಡ್ದ.”

“ಯಾರೇ ಬಂದಿರೋದು?”

ಮಾಲಿನಿ ಎದ್ದು ಒಳಗೆ ಹೋದಳು. ಪರದೆಯ ಮೇಲೆ ಅವಳ ಖಾತೆ — ನಾನು ಎಷ್ಟು ಹೊತ್ತು ಯೋಚಿಸಿದೆನೋ, ಯೋಚಿಸಿದೆನೋ ಇಲ್ಲವೋ. ಒತ್ತಿದೆ. ಬಳಸುವವರಿಗೆಲ್ಲ ಸಿಗುವಂತೆ ಬಿಡುಗಡೆ ಮಾಡಿದೆ. ಅವಳು ಹೊರಬರುವಷ್ಟರಲ್ಲಿ ಚಪ್ಪಲಿ ಹಾಕಿಕೊಂಡಿದ್ದೆ.

ಹಳೆಯ ಆವೃತ್ತಿಯಲ್ಲಿ ನನ್ನ ಆರು ಸಾಲು, ಆಗಲೇ ಪರಿವರ್ತನೆಯಾಗಿದ್ದ ಪಠ್ಯವನ್ನು ಮತ್ತೊಮ್ಮೆ ಪರಿವರ್ತಿಸಲು ಹೋಗಿ ಇಡೀ ಪ್ರೋಗ್ರಾಮನ್ನೇ ಬೀಳಿಸಿದವು. ಚಾಮರಾಜಪೇಟೆಯ ಒಂದು ವಾಚನಾಲಯದಲ್ಲಿ ಹಳೆಯ ಕಂಪ್ಯೂಟರಿನಲ್ಲಿ ಪುಸ್ತಕಗಳ ಪಟ್ಟಿ ಮಾಡುತ್ತಿದ್ದವರು ನಮ್ಮ ಲೈಬ್ರರಿಯ ಜಾಲಪುಟದಲ್ಲಿ ಬರೆದರು: “ಕೆಲಸ ಅರ್ಧಕ್ಕೆ ನಿಂತಿದೆ. ಇದನ್ನು ನೋಡಿ ಒಪ್ಪಿದವರು ಯಾರು ಸ್ವಾಮಿ?” ಮೇಲೆಯೇ ಅವಳ ಹೆಸರಿತ್ತು.

ಅವಳ ಫೋನ್ ಬಂತು. “ನಾನು ಒತ್ತಿದ್ನಾ ನಾಗೇಶ? ನಂಗೆ ನೆನಪೇ ಇಲ್ವಲ್ಲೋ.”

ಹೇಳಬಹುದಿತ್ತು. ಗಂಟಲಿನವರೆಗೂ ಬಂದಿತ್ತು ಎಂದು ಬರೆಯಬೇಕೆನ್ನಿಸುತ್ತದೆ — ಬಂದಿತ್ತೋ ಇಲ್ಲವೋ. ಬಾಯಿಂದ ಬಂದದ್ದು ಇದು: “ಒತ್ತಿದ್ಯಲ್ಲೇ. ಅಮ್ಮ ಕರೆದ್ರಲ್ಲ, ಅವಸರದಲ್ಲಿ ಒತ್ತಿ ಎದ್ದುಹೋದೆ.”

ಅವಳು ನಕ್ಕಳು. “ಹಾಗಾದ್ರೆ ನಂಗೂ ಮರೆವು ಶುರುವಾಯ್ತು ಬಿಡು. ಅಮ್ಮಂಗೂ ಹೀಗೇ ಶುರುವಾಗಿದ್ದು.”

ಆಗಲೂ ನಾನು ಬಾಯಿ ಬಿಡಲಿಲ್ಲ. ತಪ್ಪು ಸರಿಪಡಿಸುವುದಕ್ಕೆ ಹತ್ತು ನಿಮಿಷ ಹಿಡಿಯಿತು, ಸರಿಪಡಿಸಿದೆ, ಜನ ಮರೆತರು. ಅವಳು ಮಾತ್ರ ಲೈಬ್ರರಿ ನೋಡಿಕೊಳ್ಳುವವರ ಪಟ್ಟಿಯಿಂದ ತನ್ನ ಹೆಸರು ತೆಗೆಸಿಕೊಂಡಳು. “ನನ್ನನ್ನ ನಂಬ್ಕೊಂಡು ಯಾರೂ ಏನೂ ಓಡಿಸೋದು ಬೇಡ.”

ಹೋದ ತಿಂಗಳು ಗಾಂಧಿಬಜಾರಿನಲ್ಲಿ ಸಿಕ್ಕಳು. ಸೊಪ್ಪು ಆರಿಸುತ್ತಿದ್ದವಳು ನಡುವೆ ನಿಲ್ಲಿಸಿ ಚೀಲದಿಂದ ಒಂದು ಪುಟ್ಟ ಪುಸ್ತಕ ತೆಗೆದು ನೋಡಿದಳು. ನಾನೂ ಓದಿದೆ: ‘ಗ್ಯಾಸ್ ಆರಿಸಿದೆ. ಬೀಗ ಎಳೆದು ನೋಡಿದೆ. ಅಮ್ಮನಿಗೆ ಮಾತ್ರೆ ಕೊಟ್ಟೆ.’ ಎಷ್ಟು ದಿನದಿಂದ ಎಂದು ಕೇಳಿದೆ. “ಆವಾಗ್ಲಿಂದ,” ಎಂದಳು. ಯಾವಾಗಿನಿಂದ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಅವಳಿಗಿನ್ನೂ ಐವತ್ತಾಗಿಲ್ಲ.

ಅಂದಿನ ಒಪ್ಪಿಗೆಯ ದಾಖಲೆಯಲ್ಲಿ ಅವಳ ಹೆಸರಿನ ಕೆಳಗೆ ಇಂದು ಬೆಳಿಗ್ಗೆ ಬರೆದೆ: ಈ ಒಪ್ಪಿಗೆ ಒತ್ತಿದ್ದು ನಾನು, ಮಾಲಿನಿಯಲ್ಲ. ಇದನ್ನೆಲ್ಲ ಬರೆದ ಈ ಹಾಳೆಗಳನ್ನು ಅವಳಿಗೆ ಕೊಡಲು ಈಗ ಗವಿಪುರಕ್ಕೆ ಹೊರಟಿದ್ದೇನೆ.

ಒಂದು ವಿಷಯ ಉಳಿದಿದೆ. ಅಂದು ಒಳಗೆ ಹೋಗುವಾಗ ಬಾಗಿಲಲ್ಲಿ ತಿರುಗಿ ಅವಳು “ಸರಿ, ನೀನೇ ಒತ್ಬಿಡು” ಎಂದಂತೆ ಇತ್ತೀಚೆಗೆ ನನಗೆ ಕೇಳಿಸುತ್ತದೆ, ಅವಳದೇ ದನಿಯಲ್ಲಿ. ಹಾಗೆ ಅಂದಿದ್ದರೂ ಅವಳು ಫೋನಿನಲ್ಲಿ ಕೇಳಿದಾಗ ನಾನದನ್ನು ಹೇಳಲಿಲ್ಲ. ಅವಳು ನಿಜವಾಗಿ ಅಂದಳೋ, ನಾನೇ ಕಟ್ಟಿಕೊಂಡೆನೋ — ನನಗೆ ಗೊತ್ತಿಲ್ಲ. ಅವಳನ್ನು ಕೇಳುವಂತೆಯೂ ಇಲ್ಲ. ಅಂದಿನ ತನ್ನ ನೆನಪನ್ನು ಅವಳು ಈಗ ನಂಬುವುದಿಲ್ಲ.