ತಂಗಿಯ ಸಮುದ್ರ

ಸಮುದ್ರ ನೋಡಬೇಕೆಂದು ನಾನು ಯಾವತ್ತೂ ಆಸೆಪಟ್ಟವಳಲ್ಲ. ಆ ಆಸೆ ಅಪ್ಪನದು. ಅದನ್ನು ಅವನ ತಲೆಯಲ್ಲಿ ತುಂಬಿದವಳು ನನ್ನ ತಂಗಿ.

ಅಪ್ಪ ಶಹಾಬಾದಿನ ಫರ್ಸಿಕಲ್ಲಿನ ಗಣಿಯಲ್ಲಿ ಆಳುಗಳ ಮುಕಾದಮನಾಗಿದ್ದ. ವರ್ಷಗಟ್ಟಲೆ ಕಲ್ಲಿನ ಧೂಳು ಕುಡಿದು ಅವನ ಎದೆ ಕೆಟ್ಟಿತ್ತು. ಅವ್ವ ತೀರಿಕೊಂಡ ಮೇಲೆ ಕೆಲಸ ಬಿಟ್ಟು ವಾಡಿಗೆ, ನಮ್ಮ ಮನೆಗೆ ಬಂದ. ನನ್ನ ಗಂಡ ವಾಡಿ ಸ್ಟೇಷನ್ನಿನ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತ. ಗಂಡುಮಕ್ಕಳಿಲ್ಲದ ಅಪ್ಪನಿಗೆ ಮಗಳ ಮನೆಯಲ್ಲಿ ಇರುವುದು ಮೊದಮೊದಲು ಸಂಕೋಚವಾಗುತ್ತಿತ್ತು. ಆಮೇಲೆ ರೂಢಿಯಾಯಿತು. ಅವನ ಕೆಮ್ಮಿಗೆ ಕಷಾಯ ಕಾಸುವುದು, ಎದೆಗೆ ಬಿಸಿ ಎಣ್ಣೆ ತಿಕ್ಕುವುದು, ಅವನು ಉಣ್ಣಲು ಹಟ ಮಾಡಿದರೆ ಬೈದು ಉಣ್ಣಿಸುವುದು ಎಲ್ಲವೂ ನನ್ನ ಪಾಲಿನ ಕೆಲಸ. ಇದಕ್ಕೆಲ್ಲ ಅವನ ಬಾಯಿಂದ ಒಂದು ಒಳ್ಳೆಯ ಮಾತು ಬಂದದ್ದು ನನಗೆ ನೆನಪಿಲ್ಲ.

ತಂಗಿಯ ಕಥೆ ಬೇರೆ. ರಜಾಕಾರರ ಗದ್ದಲ ಶುರುವಾದಾಗ ಅಪ್ಪ ಅವಳನ್ನು ಗಡಿಯಾಚೆಗೆ, ವಿಜಾಪುರದ ಸೋದರತ್ತೆಯ ಮನೆಗೆ ಕಳಿಸಿದ್ದ. ನನಗೆ ಆಗಲೇ ಮದುವೆಯಾಗಿತ್ತು. ಗದ್ದಲ ಮುಗಿದು ನಮ್ಮ ಕಡೆ ಎಲ್ಲ ತಣ್ಣಗಾದರೂ ಅವಳು ಮರಳಲಿಲ್ಲ. ಅತ್ತೆ ಅಲ್ಲೇ ವರ ನೋಡಿದಳು. ವರನಿಗೆ ಕಾರವಾರದ ಬಂದರಿನ ಕಚೇರಿಯಲ್ಲಿ ನೌಕರಿ. ನಮಗೆ ಅದು ಬೇರೆ ರಾಜ್ಯ, ಬೇರೆ ದೇಶವಿದ್ದ ಹಾಗೆ.

ವರ್ಷಕ್ಕೊಮ್ಮೆ ತಂಗಿ ವಾಡಿಗೆ ಬರುತ್ತಿದ್ದಳು. ಚೀಲದ ತುಂಬ ತೆಂಗಿನಕಾಯಿ, ಸೆರಗಿನ ಗಂಟಿನಲ್ಲಿ ಕಪ್ಪೆಚಿಪ್ಪು. ಅವಳು ಬಂದ ದಿನದಿಂದ ಅಪ್ಪ ಬೇರೆಯೇ ಮನುಷ್ಯನಾಗುತ್ತಿದ್ದ. ಅವಳು ತೆರೆಯ ವಿಷಯ, ಹಾಯಿದೋಣಿಯ ವಿಷಯ ಹೇಳುತ್ತಿದ್ದರೆ ಉಣ್ಣುವುದನ್ನೂ ಮರೆತು ಕೇಳುತ್ತಿದ್ದ. ಊರ ಎದುರಿಗೇ ಒಂದು ಸಣ್ಣ ದ್ವೀಪವಿದೆ, ಅದರ ಸುತ್ತ ಉಪ್ಪು ನೀರಿದ್ದರೂ ನಡುವಿನ ಬಾವಿಯಲ್ಲಿ ಸಿಹಿ ನೀರಿದೆ ಎಂದು ಅವಳು ಹೇಳಿದಾಗ ಅಪ್ಪ ನಂಬಲಿಲ್ಲ. ಅವನ ಜನ್ಮವೆಲ್ಲ ಕಲ್ಲು ಅಗೆಯುವುದರಲ್ಲಿ ಕಳೆದಿತ್ತು. ನೆಲದಡಿಯ ನೀರಿನ ಬಗ್ಗೆ ತನಗೆ ಗೊತ್ತಿಲ್ಲದ್ದು ಇರಲಾರದೆಂದು ಅವನ ಎಣಿಕೆ. ನೋಡೇ ತೀರಬೇಕೆಂದು ಹಟ ಹಿಡಿದ. ಒಂದು ಚಳಿಗಾಲ ಅವನನ್ನು ಕರೆದುಕೊಂಡು ನಾನೇ ಹೊರಡಬೇಕಾಯಿತು.

ಹೋಟಗಿಯಲ್ಲಿ ಗಾಡಿ ಬದಲಿಸಿ ಹುಬ್ಬಳ್ಳಿ, ಅಲ್ಲಿಂದ ಬಸ್ಸು. ಘಟ್ಟ ಇಳಿಯುವಾಗ ಅಪ್ಪನಿಗೆ ವಾಂತಿಯಾಯಿತು. ಉದ್ದಕ್ಕೂ ಅವನ ತಲೆ ಹಿಡಿದುಕೊಂಡು ಕೂತವಳು ನಾನು. ಬಸ್ಸಿನಿಂದ ಇಳಿದಾಗ ತಂಗಿ ಓಡಿಬಂದಳು. ಅಪ್ಪ ನನ್ನ ಕೈ ಬಿಟ್ಟು ಅವಳ ಕೈ ಹಿಡಿದ. ಆಮೇಲೆ ಆ ಕೈ ನನಗೆ ಮರಳಿ ಸಿಗಲಿಲ್ಲ.

ದ್ವೀಪಕ್ಕೆ ಹೋಗಲು ತಂಗಿಯ ಗಂಡ ತನ್ನ ಪರಿಚಯದ ತಾಂಡೇಲನಿಗೆ ಹೇಳಿದ್ದ. ತಾಂಡೇಲನೆಂದರೆ ದೋಣಿ ನಡೆಸುವ ಯಜಮಾನ. ಅವಳ ಗಂಡನಿಗೆ ಕಚೇರಿಯಿದ್ದುದರಿಂದ ಹೊರಟವರು ನಾವು ಮೂವರೇ. ಬೆಳಿಗ್ಗೆ ನೆಲದ ಕಡೆಯಿಂದ ಗಾಳಿ ಬೀಸುತ್ತದೆ, ಅದರ ಮೇಲೆ ಹೋಗಿ ಮಧ್ಯಾಹ್ನ ಕಡಲಗಾಳಿಯ ಮೇಲೆ ಮರಳಬೇಕು ಎಂದು ತಂಗಿ ತಿಳಿಸಿದಳು. ತಾಂಡೇಲನ ಜೊತೆ ಅವಳು ಕೊಂಕಣಿಯಲ್ಲಿ ಮಾತಾಡಿ ನಗುತ್ತಿದ್ದಳು. ಮನೆಯಲ್ಲಿ ನನ್ನ ಬೆನ್ನ ಹಿಂದೆ ಅಡಗುತ್ತಿದ್ದ ಹುಡುಗಿ ಅವಳು. ಅಪ್ಪ ಹೆಮ್ಮೆಯಿಂದ ಅವಳ ಬಾಯನ್ನೇ ನೋಡುತ್ತಿದ್ದ. ನಾನೂ ಮೂರು ಭಾಷೆ ಆಡುತ್ತೇನೆ, ವಾಡಿಯ ಪೇಟೆಯಲ್ಲಿ ಉರ್ದುವಿನಲ್ಲೂ ತೆಲುಗಿನಲ್ಲೂ ಚೌಕಾಸಿ ಮಾಡುತ್ತೇನೆ. ಅದು ಅವನ ಕಿವಿಗೆ ಎಂದೂ ಬಿದ್ದಿರಲಿಲ್ಲ.

ಹಾಯಿ ಏರಿಸಿದೊಡನೆ ದೋಣಿ ಒಂದು ಮಗ್ಗುಲಿಗೆ ವಾಲಿತು. ಹಲಗೆಯನ್ನು ಗಟ್ಟಿಯಾಗಿ ಹಿಡಿದು ನಾನು ಕಣ್ಣು ಮುಚ್ಚಿದೆ. ಕಾಗಿಣಾ ನದಿಯನ್ನು ಹರಗೋಲಿನಲ್ಲಿ ದಾಟಿದ್ದನ್ನು ಬಿಟ್ಟರೆ ನೀರಿನ ಮೇಲೆ ಕೂತವಳೇ ಅಲ್ಲ ನಾನು. ಕಣ್ಣು ಬಿಟ್ಟಾಗ ಅಪ್ಪನ ಕೈಯಲ್ಲಿ ಹಾಯಿಯ ಹಗ್ಗವಿತ್ತು. ತಂಗಿ ಕೇಳಿಕೊಂಡಳೆಂದು ತಾಂಡೇಲ ಕೊಟ್ಟಿದ್ದ. ಅಪ್ಪ ಹಗ್ಗ ಜಗ್ಗಿ ಹಿಡಿದು, ಗಣಿಯಲ್ಲಿ ಬಂಡೆ ಎತ್ತಿಸುವಾಗಿನ ಹಾಗೆ ಕಾಲು ಊರಿ ಕೂತಿದ್ದ. ಅಷ್ಟರಲ್ಲಿ ಗಾಳಿಯ ಒಂದು ಹೊಡೆತಕ್ಕೆ ಅವನ ರುಮಾಲು ಬಿಚ್ಚಿಕೊಂಡು ಹಾರಿ ನೀರಿಗೆ ಬಿತ್ತು.

ಶಹಾಬಾದಿನಲ್ಲಾಗಲಿ ವಾಡಿಯಲ್ಲಾಗಲಿ ಅಪ್ಪ ಬರಿತಲೆಯಲ್ಲಿ ಹೊಸ್ತಿಲು ದಾಟಿದವನಲ್ಲ. ಆ ರುಮಾಲನ್ನು ವಾರವಾರ ಒಗೆದು ಗಂಜಿ ಹಾಕುತ್ತಿದ್ದವಳು ನಾನು. ಹಿಡಿಯಲೆಂದು ಎದ್ದೆ, ತಾಂಡೇಲ ಗದರಿಸಿ ಕೂರಿಸಿದ. ತಂಗಿ ಬಿದ್ದು ಬಿದ್ದು ನಕ್ಕಳು. ಅಪ್ಪನೂ ನಕ್ಕ. ಅಷ್ಟು ದೊಡ್ಡ ನಗು ಅವನೊಳಗಿತ್ತೆಂದು ಅವನೊಂದಿಗೆ ಅಷ್ಟು ವರ್ಷ ಇದ್ದ ನನಗೇ ಗೊತ್ತಿರಲಿಲ್ಲ.

ದ್ವೀಪ ಸಣ್ಣದು. ಮರಳು, ತೆಂಗಿನ ಮರ, ದಿಬ್ಬದ ಮೇಲೊಂದು ಪುಟ್ಟ ಗುಡಿ, ಅದರ ಹಿಂದೆ ಬಾವಿ. ಅಪ್ಪ ನೀರು ಸೇದಿ ಬೊಗಸೆಯಲ್ಲಿ ಕುಡಿದ. ಸಿಹಿಯಾಗಿಯೇ ಇತ್ತು. ಬಾವಿಯ ಗೋಡೆಯ ಕಲ್ಲನ್ನು ಕೈಯಿಂದ ಸವರಿ ಸವರಿ ನೋಡಿದ. ಆಮೇಲೆ ಧೋತರ ಮೇಲಕ್ಕೆ ಕಟ್ಟಿ, ತಂಗಿಯ ಕೈ ಹಿಡಿದು ಮೊಣಕಾಲಿನ ತನಕ ಕಡಲಿಗೆ ಇಳಿದ. ತೆರೆ ಬಂದಾಗಲೆಲ್ಲ ಇಬ್ಬರೂ ಹಿಂದಕ್ಕೆ ಹಾರುತ್ತಿದ್ದರು. ನಾನು ಮರದ ಕೆಳಗೆ ರೊಟ್ಟಿಯ ಗಂಟಿನ ಪಕ್ಕ ಕೂತಿದ್ದೆ. ಅವನು ಒಮ್ಮೆ ಕೈ ಬೀಸಿ ಕರೆದ. ನಾನು ಒಲ್ಲೆನೆಂದು ತಲೆ ಆಡಿಸಿದೆ. ಎರಡನೇ ಸಲ ಕರೆದಿದ್ದರೆ ಹೋಗುತ್ತಿದ್ದೆ. ಅವನು ಕರೆಯಲಿಲ್ಲ.

ಉಣ್ಣಲು ಕೂತಾಗ ಅವನು ತಂಗಿಯ ಬೆನ್ನು ಸವರಿ, "ನನ್ನ ಜನ್ಮದಾಗ ಇಂಥಾ ದಿನ ಬಂದಿರಲಿಲ್ಲ ತಾಯಿ," ಎಂದ.

ನನ್ನ ಪಾಲಿನ ರೊಟ್ಟಿಯನ್ನು ನಾನು ಮತ್ತೆ ಗಂಟಿಗೆ ಕಟ್ಟಿದೆ. ಅಪ್ಪ ಗುಡಿಯ ಕಡೆ ಹೋದ ಮೇಲೆ ತಂಗಿಗೆ ಹೇಳಿದೆ, "ನಿನಗೇನು, ಒಂದು ದಿನ ನೀರಾಗ ಆಡಿಸ್ತಿ. ನಾಳಿ ಎದಿ ಕಟ್ಟಿದ್ರ ನೋಡ್ಲಿಕ್ಕ ನಾ ಅದೀನಲ್ಲ."

ಅವಳು ಬೆರಳಿನಿಂದ ಮರಳು ಕೆದರಿದಳು. "ನಿನಗ ದಿನಾ ಸಿಗ್ತಾನ ಅಕ್ಕಾ," ಎಂದಳು, "ನನಗ ಸಿಗಂಗಿಲ್ಲ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಮರಳುವಾಗ ನಾನು ದೋಣಿಯ ಇನ್ನೊಂದು ತುದಿಗೆ ಹೋಗಿ ಕೂತೆ.

ಆ ಸಂಜೆ ಅಪ್ಪ, ಇಲ್ಲಿಯ ಹವೆ ಎದೆಗೆ ಹಿತವಾಗಿದೆ, ಇನ್ನಷ್ಟು ದಿನ ಇದ್ದು ಬರುತ್ತೇನೆ ಎಂದ. ಅದು ಸುಳ್ಳಲ್ಲ, ದ್ವೀಪದಲ್ಲಿ ಅವನು ಒಮ್ಮೆಯೂ ಕೆಮ್ಮಿರಲಿಲ್ಲ. ನಾನು ಮಾರನೆಯ ದಿನವೇ ಹೊರಟೆ. ಸಮುದ್ರ ಹೇಗಿದೆ ಎಂದು ಗಂಡ ಕೇಳಿದಾಗ, "ಏನದ ಅಲ್ಲಿ, ಬರೇ ನೀರು," ಎಂದೆ. ಪಡಸಾಲೆಯಲ್ಲಿ ಅಪ್ಪನ ಹೊರಸು ಖಾಲಿ ಬಿದ್ದಿತ್ತು. ನೆರೆಯವರು ಕೇಳಿದರೆ, ಅಲ್ಲಿ ಒಳ್ಳೆಯ ಡಾಕ್ಟರು ಸಿಕ್ಕಿದ್ದಾರೆಂದು ನಾನೇ ಹೇಳುತ್ತಿದ್ದೆ. ತಂಗಿಗೆ ಮಕ್ಕಳಾಗಿ, ಅವುಗಳ ಅಳುವಿಗೆ ಅಪ್ಪನಿಗೆ ನಿದ್ದೆ ಕೆಡಲಿ ಎಂದು ಕೂಡ ಹಾರೈಸಿದ್ದುಂಟು.

ಮಳೆಗಾಲ ಹತ್ತಿರ ಬಂದಾಗ ಅಪ್ಪ ಮರಳಿದ. ಮೈ ಕೈ ತುಂಬಿಕೊಂಡು ಕರ್ರಗಾಗಿದ್ದ. ತಲೆಯ ಮೇಲೆ ತಂಗಿ ಕೊಡಿಸಿದ ಹೊಸ ಕರಿ ಟೊಪ್ಪಿಗೆ. ಸ್ಟೇಷನ್ನಿನಿಂದ ನಡೆಯುತ್ತ, ಅಷ್ಟು ಸುಖವಿದ್ದ ಮೇಲೆ ಬಂದದ್ದೇಕೆ ಎಂದು ಚುಚ್ಚಿದೆ.

"ಅಲ್ಲಿ ನಾ ಉಣ್ಣದಿದ್ರ ಯಾರೂ ಬೈಯಂಗಿಲ್ಲವ್ವಾ," ಎಂದ ಅಪ್ಪ. "ಒಂದ ಸಲ ಕೇಳ್ತಾರ, ಸುಮ್ಮನಾಗ್ತಾರ. ಮೆಹಮಾನ್ ಆಗಿ ಎಷ್ಟ ದಿನ ಇರ್ಲಿ?"

ನಾನು ಅವನ ಗಂಟು ಕಸಿದುಕೊಂಡು ಮುಂದೆ ನಡೆದೆ. ಮುಖ ಅವನಿಗೆ ಕಾಣಬಾರದೆಂದು ಬೇಗಬೇಗ ನಡೆದೆ. ಆ ಸುಖ ಸಂಜೆಯ ತನಕ ಇತ್ತು. ಸಂಜೆ ನೆರೆಮನೆಯವರು ನಮ್ಮ ಕಟ್ಟೆಗೆ ಬಂದು ಕೂತರು. ಅಪ್ಪ ದೋಣಿಯ ಕಥೆ ತೆಗೆದ: ನನ್ನ ಸಣ್ಣ ಮಗಳು ಹಗ್ಗ ಕೊಡಿಸಿದಳು, ಸಣ್ಣ ಮಗಳು ಕೈ ಹಿಡಿದು ಕಡಲಿಗೆ ಇಳಿಸಿದಳು. ಆ ದೋಣಿಯಲ್ಲಿ ದೊಡ್ಡ ಮಗಳೂ ಇದ್ದಳೆಂಬುದು ಕಥೆಯಲ್ಲಿ ಎಲ್ಲೂ ಬರಲಿಲ್ಲ. ನಾನು ಒಳಗೆ ಹೋಗಿ, ಮನೆಗೆ ಬೇಕಾದದ್ದಕ್ಕಿಂತ ಹೆಚ್ಚು ಹಿಟ್ಟು ನಾದಿ, ಜೋರಾಗಿ ರೊಟ್ಟಿ ಬಡಿಯತೊಡಗಿದೆ. ಆ ಸದ್ದಿಗೆ ಅಪ್ಪ ದನಿ ಏರಿಸಿದನೇ ಹೊರತು ಕಥೆ ನಿಲ್ಲಿಸಲಿಲ್ಲ.